ಅಜ್ಜಿಯ ಕುರ್ಚಿ ಎಷ್ಟು ದೂರ: 4ಕೆ ಟಿವಿ ಬೇಕೋ ಬೇಡವೋ, ಒಂದು ಮನೆಯ ಪ್ರಕರಣ

ನಮ್ಮಕ್ಕನ ಮನೆ ಬೆಂಗಳೂರಿನ ಶ್ರೀನಗರದಲ್ಲಿ. ಮೊದಲನೇ ಮಹಡಿ. ಹಾಲ್ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಒಂದು ಗೋಡೆಗೆ ಮರದ ಶೋಕೇಸ್. ಅದರ ನಡುವಿನ ಖಾನೆಯಲ್ಲಿ 2014ರಲ್ಲಿ ತಂದ 32 ಇಂಚಿನ ಟಿವಿ. ಎದುರು ಗೋಡೆಗೆ ಸೋಫಾ. ಸೋಫಾದಲ್ಲಿ ಒರಗಿ ಕೂತರೆ ಕಣ್ಣಿನಿಂದ ಟಿವಿಗೆ ಎಂಟಡಿ. ಟೇಪ್ ಹಿಡಿದು ಅಳೆದು ಹೇಳುತ್ತಿದ್ದೇನೆ.

ಮನೆಯಲ್ಲಿ ನಾಲ್ಕು ಜನ. ಅಕ್ಕ, ಕಳೆದ ವರ್ಷ ನಿವೃತ್ತರಾದ ಭಾವ, ಇಂಜಿನಿಯರಿಂಗ್ ಮೂರನೇ ವರ್ಷದ ಮಗ, ಮತ್ತೆ ಭಾವನ ತಾಯಿ. ಅವರಿಗೆ 78 ವರ್ಷ. ನಾವೆಲ್ಲ ಕರೆಯೋದು ಅಜ್ಜಿ ಅಂತ. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಅಜ್ಜಿ ಸೋಫಾದಲ್ಲಿ ಕೂರುವುದಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಟಿವಿಗೆ ನಾಲ್ಕೇ ಅಡಿ ದೂರದಲ್ಲಿ ಕೂರುತ್ತಾರೆ. ನಟ್ಟ ನಡುವೆ ಕೂತರೆ ಹಿಂದಿನವರಿಗೆ ಅಡ್ಡ ಅಂತ ಸ್ವಲ್ಪ ಎಡಕ್ಕೆ. "ಅಷ್ಟು ಹತ್ರ ಕೂರಬೇಡಮ್ಮ, ಕಣ್ಣು ಹಾಳಾಗತ್ತೆ" ಅಂತ ಭಾವ ದಿನಕ್ಕೆ ಒಂದು ಸಲ ಹೇಳುತ್ತಾರೆ. ಅಜ್ಜಿ ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸುತ್ತಾರೆ. ಹತ್ತು ನಿಮಿಷಕ್ಕೆ ಅದು ಮತ್ತೆ ಮುಂದೆ ಬಂದಿರುತ್ತದೆ.

ಟಿವಿ ಸರ್ವಿಸ್ ನನ್ನ ಕಸುಬು. ಪಿಕ್ಚರ್ ಟ್ಯೂಬ್ ಕಾಲದಿಂದ ಈ ಕೆಲಸದಲ್ಲಿದ್ದೇನೆ. "ಹೊಸ 4ಕೆ ತಗೊಳ್ಳಬೇಕಾ?" ಅಂತ ವಾರಕ್ಕೆ ನಾಲ್ಕು ಜನ ಕೇಳುತ್ತಾರೆ. 4ಕೆ ಅಂದರೆ ಇನ್ನೂ ಹೆಚ್ಚು, ಇನ್ನೂ ಸಣ್ಣ ಚುಕ್ಕಿಗಳಿಂದ ಚಿತ್ರ ಮೂಡಿಸುವ ಟಿವಿ, ಲೆಕ್ಕ ಮುಂದೆ ಬರುತ್ತದೆ. ಅದರಲ್ಲಿ ಈ ಒಂದು ಮನೆಯ ವಿಷಯವನ್ನು ಪೂರ್ತಿ ಬರೆದಿಡಬೇಕು ಅನಿಸಿತು. ಮೊದಲು ಕೇಳಿದ ಪ್ರಶ್ನೆ ಒಂದು, ಕೊನೆಗೆ ಬಗೆಹರಿದದ್ದು ಇನ್ನೊಂದು.

ಕೇಳಿದ್ದು ಯಾರು

2025ರ ಆಗಸ್ಟ್ ತಿಂಗಳು. ಗೌರಿ ಗಣೇಶ ಹಬ್ಬದ ಆಫರ್ ಜಾಹೀರಾತು ಪೇಪರ್ ತುಂಬ. ಅಕ್ಕನ ಮಗ ಫೋನ್ ಮಾಡಿದ. "ಮಾಮ, 55 ಇಂಚ್ 4ಕೆ ತಗೊಳ್ಳೋಣ ಅಂತಿದೀನಿ. ಅಪ್ಪಂಗೆ ನೀನು ಒಂದ್ಮಾತು ಹೇಳು."

ಅವನ ಆಸೆ ಹುಟ್ಟಿದ್ದು ಜೂನ್ 3ರ ರಾತ್ರಿ. ಆರ್‌ಸಿಬಿ ಆರು ರನ್ನಿನಿಂದ ಪಂಜಾಬನ್ನು ಸೋಲಿಸಿ ಹದಿನೆಂಟನೇ ಸೀಸನ್ನಿನಲ್ಲಿ ಕಪ್ ಗೆದ್ದ ರಾತ್ರಿ. ಆ ಮ್ಯಾಚನ್ನು ಅವನು ಗೆಳೆಯನ ಮನೆಯ 65 ಇಂಚಿನ 4ಕೆ ಟಿವಿಯಲ್ಲಿ ನೋಡಿದ್ದ. ಅಲ್ಲಿಂದ ಮನೆಯ ಟಿವಿ ಅವನ ಕಣ್ಣಿಗೆ ಹಿಡಿಸಲಿಲ್ಲ. ಹುಡುಗರ ಆಸೆ, ತಪ್ಪೇನಿಲ್ಲ.

ಭಾವ ಹೇಳಿದ್ದು ಒಂದೇ ಮಾತು: "ಇರೋದು ಚೆನ್ನಾಗೇ ಓಡ್ತಿದೆಯಲ್ಲಪ್ಪ, ಸುಮ್ನೆ ಯಾಕೆ?" ಅಕ್ಕನಿಗೆ ಶೋಕೇಸಿನ ಚಿಂತೆ. ಖಾನೆಯ ಅಗಲ 34 ಇಂಚು. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ನಾನೂ ಮೊದಲ ದಿನ ಕೇಳಲಿಲ್ಲ.

ಯಾವ ಮನೆಯಲ್ಲಾದರೂ ನಾನು ಮೊದಲು ಕೇಳೋದು ಒಂದು ವಾರದ ಲೆಕ್ಕ. ಯಾರು, ಏನು, ಎಷ್ಟು ಹೊತ್ತು ನೋಡುತ್ತಾರೆ ಅಂತ. ಅಕ್ಕ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟಳು. ದಿನಕ್ಕೆ ಸುಮಾರು ಆರು ಗಂಟೆ ಟಿವಿ ಓಡುತ್ತದೆ. ಅದರಲ್ಲಿ ನಾಲ್ಕು ಗಂಟೆ ಅಜ್ಜಿಯದು: ಬೆಳಿಗ್ಗೆ ಭಕ್ತಿ ಕಾರ್ಯಕ್ರಮ, ಸಂಜೆ ಧಾರಾವಾಹಿಗಳು, ನಡುವೆ ಚಂದನ. ಒಂದು ಗಂಟೆ ಭಾವನ ಸುದ್ದಿ. ಉಳಿದದ್ದು ಹುಡುಗನ ಕ್ರಿಕೆಟ್, ಯೂಟ್ಯೂಬ್, ಸಿನಿಮಾ. ಇಡೀ ವಾರದಲ್ಲಿ ನಿಜವಾಗಿ 4ಕೆಯಲ್ಲಿ ಸಿಗುವಂಥದ್ದನ್ನು ನೋಡಿದ್ದು ಮೂರು ಗಂಟೆಗಿಂತ ಕಡಿಮೆ.

ಟಿವಿಯ ಹಿಂದೆ

ಲೆಕ್ಕ ನೋಡಿದ ಭಾನುವಾರ ನಾನು ಟಿವಿಯನ್ನು ಖಾನೆಯಿಂದ ಈಚೆಗೆ ಎಳೆದೆ. ಹಿಂದೆ ಬೆರಳಷ್ಟು ಧೂಳು. ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಬಂದಿದ್ದು ಹಳದಿ, ಕೆಂಪು, ಬಿಳಿ ಪಿನ್ನಿನ ಹಳೇ ಎವಿ ವೈರ್. ಪಕ್ಕದಲ್ಲೇ ಹೆಚ್ಚು ಸ್ಪಷ್ಟ ಚಿತ್ರ ತರುವ ವೈರಿಗೆ ಎರಡು ಎಚ್‌ಡಿಎಂಐ ಕಿಂಡಿ. ಎರಡೂ ಖಾಲಿ.

ಬಾಕ್ಸ್ ಬಂದಿದ್ದು 2013ರಲ್ಲಂತೆ. ಆ ವರ್ಷ ಮಾರ್ಚ್ 31ಕ್ಕೆ ಬೆಂಗಳೂರಿನಲ್ಲಿ ಮಾಮೂಲಿ ಕೇಬಲ್ ನಿಲ್ಲಿಸಿ ಡಿಜಿಟಲ್ ಮಾಡಬೇಕು ಅಂತ ಗಡುವು ಇತ್ತು. ಆಗ ಕೇಬಲ್‌ನವರು ಮನೆಮನೆಗೆ ಒಂದೊಂದು ಬಾಕ್ಸ್ ಕೊಟ್ಟು ಹೋದರು. ಅದು ಎಸ್‌ಡಿ ಬಾಕ್ಸ್, ಅಂದರೆ ಹಳೇ ಮಾಮೂಲಿ ಗುಣಮಟ್ಟದ ಚಿತ್ರ ಕೊಡುವಂಥದ್ದು. ಮರುವರ್ಷ ಟಿವಿ ಹೊಸದಾಯಿತು, ಬಾಕ್ಸ್ ಹಾಗೇ ಉಳಿಯಿತು.

ಇದರ ಅರ್ಥ ಹೀಗೆ. ಎಸ್‌ಡಿ ಚಿತ್ರ ಅಂದರೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ (ಪಿಕ್ಸೆಲ್). ಒಟ್ಟು ನಾಲ್ಕು ಲಕ್ಷಕ್ಕೆ ಸ್ವಲ್ಪ ಮೇಲೆ. ಆ ಟಿವಿಯ ಪರದೆಯಲ್ಲಿ 1366 x 768, ಅಂದರೆ ಹತ್ತೂವರೆ ಲಕ್ಷ ಚುಕ್ಕಿ ಇವೆ. ಹನ್ನೊಂದು ವರ್ಷ ಕೇಬಲ್ ಚಾನೆಲ್ ನೋಡುವಾಗ ಆ ಟಿವಿ ತನ್ನ ಕೈಲಾದ ಚಿತ್ರವನ್ನು ಒಂದು ದಿನವೂ ತೋರಿಸಿರಲಿಲ್ಲ. ಅದಕ್ಕೆ ಯಾರೂ ಕೊಟ್ಟಿರಲಿಲ್ಲ. ಆ ಮನೆಗೆ ನಾನು ಎಷ್ಟು ಸಲ ಹೋಗಿ ಊಟ ಮಾಡಿ ಬಂದಿದ್ದೇನೆ! ಒಂದು ಸಲವೂ ಹಿಂದೆ ಕೈ ಹಾಕಿ ನೋಡಲಿಲ್ಲ ಅನ್ನೋದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಅಜ್ಜಿ ಅಷ್ಟೂ ವರ್ಷ ಮಸುಕು ಚಿತ್ರವನ್ನು ತಮ್ಮ ಕಣ್ಣಿನ ದೋಷ ಅಂದುಕೊಂಡಿದ್ದರು.

"4ಕೆ ಮಾತು ಆಮೇಲೆ. ಮೊದಲು ಬಾಕ್ಸ್ ಬದಲಾಯಿಸೋಣ" ಅಂದೆ. ಹುಡುಗನಿಗೆ ಬೇಸರವಾಯಿತು. ಆದರೂ ಒಪ್ಪಿದ.

ಸೆಪ್ಟೆಂಬರ್ ಮೊದಲ ವಾರ ಕೇಬಲ್‌ನವರು ಎಚ್‌ಡಿ ಬಾಕ್ಸ್ ತಂದರು. ಬಾಕ್ಸಿಗೆ 1,400 ರೂಪಾಯಿ, ತಿಂಗಳ ಪ್ಯಾಕ್ ಸ್ವಲ್ಪ ಜಾಸ್ತಿ. ಎಚ್‌ಡಿಎಂಐ ವೈರ್ ಬಾಕ್ಸಿನ ಜೊತೆಗೇ ಬಂತು. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯದಂಥ ಚಾನೆಲ್‌ಗಳಿಗೆ ಎಚ್‌ಡಿ ಇದೆ. ಅವು 1920 x 1080ರಲ್ಲಿ ಬರುತ್ತವೆ. ಭಾವ ನೋಡುವ ಸುದ್ದಿ ಚಾನೆಲ್‌ಗಳು ಮಾತ್ರ ಎಸ್‌ಡಿಯಲ್ಲೇ ಉಳಿದವು.

ಆ ಸಂಜೆ ಧಾರಾವಾಹಿ ಶುರುವಾದಾಗ ನಾನು ಅಲ್ಲೇ ಇದ್ದೆ. ಒಬ್ಬ ಹೆಂಗಸು ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಅಜ್ಜಿ ಮುಂದಕ್ಕೆ ಬಾಗಿದರು. "ಅಯ್ಯೋ, ಸೀರೆ ಅಂಚಲ್ಲಿ ನವಿಲಿದೆ ನೋಡು" ಅಂದರು. ಅದೇ ಟಿವಿ, ಅದೇ ಕಣ್ಣು.

ಆ ತಿಂಗಳ ಏಷ್ಯಾ ಕಪ್ಪನ್ನು ಹುಡುಗ ಇದರಲ್ಲೇ ನೋಡಿದ. "ಮೊದಲಿಗಿಂತ ಪರವಾಗಿಲ್ಲ ಮಾಮ" ಅಂದ. ಭಾವನ ಪ್ರಕಾರ ಕೇಸ್ ಅಲ್ಲಿಗೇ ಮುಗಿದಿತ್ತು. 1,400 ರೂಪಾಯಿಯಲ್ಲಿ ಕೆಲಸ ಆಯಿತು, ಟಿವಿ ಬೇಡ. ನನಗೂ ಒಂದೆರಡು ದಿನ ಹಾಗೇ ಅನಿಸಿತ್ತು. ಆದರೆ ಅಜ್ಜಿಯ ಕುರ್ಚಿ ನಾಲ್ಕಡಿಯಲ್ಲೇ ಇತ್ತು. ಒಂದಿಂಚೂ ಹಿಂದೆ ಹೋಗಿರಲಿಲ್ಲ. ಅದು ನನ್ನನ್ನು ಯೋಚನೆಗೆ ಹಚ್ಚಿತು.

ಕಣ್ಣಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ. 4ಕೆ ಬೇಕೋ ಬೇಡವೋ ಅನ್ನೋದು ನಿಂತಿರೋದು ಇದರ ಮೇಲೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

4ಕೆ ಅಂದರೆ ಅಡ್ಡಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕಿ. ಮನೆ ಟಿವಿಯಲ್ಲಿ ಅದು 3840 x 2160. ಒಟ್ಟು ಸುಮಾರು 83 ಲಕ್ಷ. ಫುಲ್ ಎಚ್‌ಡಿಯಲ್ಲಿ, ಅಂದರೆ 1920 x 1080ರಲ್ಲಿ, ಸುಮಾರು 21 ಲಕ್ಷ. ನಾಲ್ಕು ಪಟ್ಟು ಜಾಸ್ತಿ, ನಿಜ. ಆದರೆ ಕಣ್ಣು ಆ ಚುಕ್ಕಿಗಳನ್ನು ಬಿಡಿಬಿಡಿಯಾಗಿ ನೋಡಬಲ್ಲದಾ?

ಕಣ್ಣಿನ ಡಾಕ್ಟರು 6/6 ಅಂತ ಬರೆಯುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣದನ್ನು ಬೇರೆ ಮಾಡಿ ನೋಡಬಲ್ಲದು. ಎಂಟಡಿ ದೂರದಲ್ಲಿ ಅದು ಸುಮಾರು 0.7 ಮಿಲಿಮೀಟರ್. ಈಗ 55 ಇಂಚಿನ ಪರದೆ ತೆಗೆದುಕೊಳ್ಳಿ. ಅದು ಬರೀ ಫುಲ್ ಎಚ್‌ಡಿ ಆಗಿದ್ದರೂ ಒಂದು ಚುಕ್ಕಿಯ ಅಗಲ ಸುಮಾರು 0.63 ಮಿಲಿಮೀಟರ್. ಅಂದರೆ ಸೋಫಾದಲ್ಲಿ ಕೂತ ಒಳ್ಳೇ ಕಣ್ಣಿಗೂ ಆಗಲೇ ಚುಕ್ಕಿ ಕಾಣುವುದಿಲ್ಲ. 4ಕೆಯಲ್ಲಿ ಆ ಚುಕ್ಕಿ 0.32 ಮಿಲಿಮೀಟರ್ ಆಗುತ್ತದೆ. ಕಾಣದೇ ಇರೋದು ಇನ್ನೂ ಸಣ್ಣದಾಗುತ್ತದೆ, ಅಷ್ಟೇ. 55 ಇಂಚಿನಲ್ಲಿ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗಬೇಕಾದರೆ ಏಳಡಿಗಿಂತ ಹತ್ತಿರ ಬರಬೇಕು. ಪೂರ್ತಿ ಸಿಗಬೇಕಾದರೆ ಮೂರೂವರೆ, ನಾಲ್ಕಡಿಗೆ.

ಹುಡುಗನಿಗೆ ಇದನ್ನು ಪೇಪರ್ ಮೇಲೆ ಬರೆದು ತೋರಿಸಿದೆ. ಇಂಜಿನಿಯರಿಂಗ್ ಓದುವವನು, ತಾನೇ ಲೆಕ್ಕ ಹಾಕಿ ನೋಡಿದ. ಸುಮ್ಮನಾದ. ಆಮೇಲೆ ಒಂದು ಒಳ್ಳೇ ಪ್ರಶ್ನೆ ಕೇಳಿದ: "ಹಂಗಾದ್ರೆ ಅಜ್ಜಿ ಕಣ್ಣಿಗೆ?"

ಅಜ್ಜಿಯ ಕನ್ನಡಕದ ಚೀಟಿಯಲ್ಲಿ 6/12 ಅಂತ ಇದೆ. ಒಳ್ಳೇ ಕಣ್ಣು 12 ಮೀಟರ್ ದೂರದಿಂದ ಓದುವುದನ್ನು ಈ ಕಣ್ಣು 6 ಮೀಟರಿಗೆ ಬಂದು ಓದಬೇಕು. ಅರ್ಧ ದೂರ. ಅದನ್ನೇ ಟಿವಿಗೆ ಹಾಕಿ ನೋಡಿ. ಬೇರೆಯವರು ಎಂಟಡಿಯಿಂದ ನೋಡುವುದನ್ನು ಅಜ್ಜಿ ನಾಲ್ಕಡಿಯಿಂದ ನೋಡಬೇಕು.

ಕುರ್ಚಿ ಇದ್ದಿದ್ದು ನಾಲ್ಕಡಿಯಲ್ಲೇ.

ಅವರು ಹಟಕ್ಕೆ ಹತ್ತಿರ ಕೂರುತ್ತಿರಲಿಲ್ಲ. ಯಾವ ಟೇಪೂ ಇಲ್ಲದೆ ತಮ್ಮ ಕಣ್ಣಿಗೆ ಸರಿಹೋಗುವ ಜಾಗವನ್ನು ತಾವೇ ಹುಡುಕಿಕೊಂಡಿದ್ದರು. ನಾವೆಲ್ಲ ಸೇರಿ ದಿನಾ ಅವರನ್ನು ಅಲ್ಲಿಂದ ಎಬ್ಬಿಸುತ್ತಿದ್ದೆವು. ಇದನ್ನು ಹೇಳಿದಾಗ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹತ್ತಿರ ಕೂತು ಟಿವಿ ನೋಡಿದರೆ ಕಣ್ಣು ಸುಸ್ತಾಗಬಹುದು, ಹಾಳಾಗುವುದಿಲ್ಲ ಅನ್ನೋದನ್ನೂ ಹೇಳಿದೆ. ಅಂದಿನಿಂದ ಅವರು "ಹಿಂದೆ ಕೂರಮ್ಮ" ಅನ್ನುವುದನ್ನು ಬಿಟ್ಟರು.

ಪ್ರಶ್ನೆ ಇಲ್ಲಿ ತಿರುಗಿತು. ಅಜ್ಜಿಗೆ ಬೇಕಿರೋದು ಸಣ್ಣ ಚುಕ್ಕಿ ಅಲ್ಲ, ದೊಡ್ಡ ಚಿತ್ರ. 32 ಇಂಚನ್ನು ನಾಲ್ಕಡಿಯಿಂದ ನೋಡೋದೂ, 50 ಇಂಚನ್ನು ಆರೂಕಾಲು ಅಡಿಯಿಂದ ನೋಡೋದೂ ಕಣ್ಣಿಗೆ ಒಂದೇ ಅಳತೆ. ಆರಡಿ ಅಂದರೆ ಆ ಹಾಲಿನಲ್ಲಿ ಸೋಫಾದ ಪಕ್ಕಕ್ಕೇ ಕುರ್ಚಿ ಬರುತ್ತದೆ. ಅಜ್ಜಿ ಎಲ್ಲರ ಜೊತೆ ಕೂರಬಹುದು. ಇಷ್ಟು ದಿನ ಅವರು ಎಲ್ಲರಿಗೂ ಬೆನ್ನು ಹಾಕಿ ಒಬ್ಬರೇ ಕೂರುತ್ತಿದ್ದರು. ಮಾತಾಡಬೇಕಾದರೆ ಕತ್ತು ತಿರುಗಿಸಬೇಕಿತ್ತು.

ದೊಡ್ಡ ಟಿವಿ ಬೇಕು ಅನ್ನೋ ವಾದ ಮೊಮ್ಮಗನದಲ್ಲ, ಅಜ್ಜಿಯದಾಯಿತು.

ಗೋಡೆಯ ಮೇಲೆ ಪೇಪರ್

ಹುಡುಗ ತಕ್ಷಣ ಹೇಳಿದ. "ಮಾಮ, 65 ತಗೊಂಡ್ರೆ ಅಜ್ಜಿ ಸೋಫಾದಲ್ಲೇ ಕೂರಬಹುದಲ್ವಾ?" ಲೆಕ್ಕದ ಪ್ರಕಾರ ಅವನು ಹೇಳಿದ್ದು ಸರಿ. ಹಾಗಾಗಿ ಅಳೆದೇ ನೋಡೋಣ ಅಂದೆ.

ಹಳೇ ಪೇಪರ್‌ಗಳನ್ನು ಅಂಟಿಸಿ ಮೂರು ಹಾಳೆ ಮಾಡಿದೆವು. ಟಿವಿಯ ಇಂಚು ಅಂದರೆ ಪರದೆಯ ಮೂಲೆಯಿಂದ ಎದುರು ಮೂಲೆಗೆ ಅಳತೆ. 65ಕ್ಕೆ ಸುಮಾರು 57 ಇಂಚು ಅಗಲ, 32 ಇಂಚು ಎತ್ತರ. 55ಕ್ಕೆ 48 ಮತ್ತು 27. 50ಕ್ಕೆ 44 ಮತ್ತು 25. ಶೋಕೇಸಿನ ಮೇಲೆ ಸೆಲೋ ಟೇಪಿನಲ್ಲಿ ಒಂದೊಂದಾಗಿ ಹಚ್ಚಿ, ಎರಡೆರಡು ದಿನ ಹಾಗೇ ಬಿಡೋಣ ಅಂದುಕೊಂಡೆವು. ಈ ಕೆಲಸವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಅಂಗಡಿಯ ದೊಡ್ಡ ಹಾಲಿನಲ್ಲಿ 65 ಇಂಚು ಸಣ್ಣದಾಗಿ ಕಾಣುತ್ತದೆ. ಮನೆಗೆ ಬಂದ ಮೇಲೆ ಅದು ಗೋಡೆಯನ್ನೇ ತಿನ್ನುತ್ತದೆ.

65ರ ಹಾಳೆಯ ಬಲ ಅಂಚು ದೇವರ ಮನೆ ಬಾಗಿಲಿನ ಚೌಕಟ್ಟಿನ ಮೇಲೆ ಬಂತು. ಅಕ್ಕ ಅದನ್ನು ಅರ್ಧ ದಿನವೂ ಇರಲು ಬಿಡಲಿಲ್ಲ. 55ರ ಹಾಳೆ ಸ್ವಿಚ್ ಬೋರ್ಡನ್ನು ಮುಚ್ಚಿತು. 50ರದ್ದು ಎರಡು ಉದ್ದ ಹಲಗೆ ತೆಗೆದರೆ ಸರಿಯಾಗಿ ಕೂರುತ್ತಿತ್ತು.

ಅಂಗಡಿಯಲ್ಲಿ

ಮೊದಲು ಹೋದ ಅಂಗಡಿಯ ಹೆಸರು ಬೇಡ. ಅಲ್ಲಿ ಸೇಲ್ಸ್ ಹುಡುಗ ಭಾವನಿಗೆ ಹೇಳಿದ: "ಸಾರ್, ಇದನ್ನ ಹಾಕಿದ್ರೆ ನಿಮ್ಮ ಎಲ್ಲ ಚಾನೆಲ್ಲೂ 4ಕೆ ಆಗತ್ತೆ." ಆಗುವುದಿಲ್ಲ. ಟಿವಿ ಬರುವ ಚಿತ್ರವನ್ನು ಹಿಗ್ಗಿಸುತ್ತದೆ, ನಡುವಿನ ಚುಕ್ಕಿಗಳನ್ನು ತಾನೇ ಊಹಿಸಿ ತುಂಬುತ್ತದೆ. ಫುಲ್ ಎಚ್‌ಡಿಯ ಒಂದು ಚುಕ್ಕಿಯನ್ನು ನಾಲ್ಕು ಮಾಡುವುದು ಅಷ್ಟು ಕಷ್ಟವಲ್ಲ. ಎಸ್‌ಡಿಯ ಒಂದು ಚುಕ್ಕಿಯನ್ನು ಇಪ್ಪತ್ತು ಮಾಡಬೇಕು. ಊಹೆ ಎಷ್ಟು ಅಂತ ಸರಿಯಾಗಿರುತ್ತದೆ?

ಅದನ್ನು ಕಣ್ಣಾರೆ ನೋಡಲಿ ಅಂತ ನಾನು ಪಟ್ಟು ಹಿಡಿದೆ. ಅಂಗಡಿಯ ಟಿವಿಗಳಲ್ಲಿ ಓಡುವುದು ಡೆಮೊ ವಿಡಿಯೋ. ಜೇನು, ಹೂವು, ಬಣ್ಣದ ಗಿಳಿ. ಅದನ್ನು ನಿಲ್ಲಿಸಿ, ಮಾಮೂಲಿ ಕೇಬಲ್ ಹಾಕಿ ಅಂದೆ. ಒಲ್ಲದ ಮನಸ್ಸಿನಿಂದ ಹಾಕಿದರು. 55 ಇಂಚಿನ 4ಕೆಯಲ್ಲಿ ಎಸ್‌ಡಿ ಸುದ್ದಿ ಚಾನೆಲ್ ಬಂತು. ಸುದ್ದಿ ಓದುವವರ ಮುಖಕ್ಕೆ ಮೇಣ ಹಚ್ಚಿದ ಹಾಗಿತ್ತು. ಕೆಳಗೆ ಓಡುವ ಅಕ್ಷರಗಳ ಸುತ್ತ ಇರುವೆ ಮುತ್ತಿದ ಹಾಗೆ ಸಣ್ಣ ಗಲಿಬಿಲಿ. ಭಾವ ನನ್ನ ಕಡೆ ನೋಡಿದರು. "ನಮ್ಮನೇಲೇ ಇದಕ್ಕಿಂತ ಚೆನ್ನಾಗಿ ಬರತ್ತಲ್ಲ?" ನಿಜ. ಚಿತ್ರ ಕೆಟ್ಟದಾಗಿದ್ದರೆ ಪರದೆ ದೊಡ್ಡದಾದಷ್ಟೂ ಅದರ ಕೆಡುಕು ದೊಡ್ಡದಾಗಿ ಕಾಣುತ್ತದೆ. ಅದೇ ಟಿವಿಗೆ ಎಚ್‌ಡಿ ಚಾನೆಲ್ ಹಾಕಿಸಿದೆ. ನೆಲಕ್ಕೆ ಎರಡಡಿಯ ಟೈಲ್ಸ್ ಇತ್ತು. ನಾಲ್ಕು ಟೈಲ್ಸ್ ಹಿಂದೆ ನಿಂತು ನೋಡಿದೆವು. ಚೆನ್ನಾಗಿತ್ತು. ಹುಡುಗನ ಫೋನಿನಿಂದ 4ಕೆ ಯೂಟ್ಯೂಬ್ ಹಾಕಿದೆವು. ಅದೂ ಚೆನ್ನಾಗಿತ್ತು, ಆದರೆ ನಾಲ್ಕು ಟೈಲ್ಸ್ ದೂರದಿಂದ ಎರಡರ ನಡುವೆ ವ್ಯತ್ಯಾಸ ಹೇಳು ಅಂದರೆ ಅವನಿಗೆ ಕಷ್ಟವಾಯಿತು. ಎರಡು ಟೈಲ್ಸ್ ಹತ್ತಿರ ಹೋದಾಗ ಮಾತ್ರ ಹುಲ್ಲಿನ ಎಸಳು ಎದ್ದು ಕಂಡವು.

4ಕೆ ಅನ್ನೋದು ಬರೀ ಚುಕ್ಕಿಯ ಮಾತಲ್ಲ ಅನ್ನೋದನ್ನೂ ಹೇಳಬೇಕು. 2012ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅಲ್ಟ್ರಾ ಎಚ್‌ಡಿಗೆ ಅಳತೆ ಗೊತ್ತು ಮಾಡಿದಾಗ ಬಣ್ಣದ ಹರವನ್ನೂ ದೊಡ್ಡದು ಮಾಡಿತು. ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಇದ್ದದ್ದು ಕಡಿಮೆ ಅಂದರೂ 1024 ಆಯಿತು. ಆಮೇಲೆ ಬಂದ ಎಚ್‌ಡಿಆರ್ ಬೆಳಕಿನ ಏರಿಳಿತವನ್ನು ಹೆಚ್ಚಿಸಿತು. ದೂರದಿಂದಲೂ ಕಣ್ಣಿಗೆ ಗೊತ್ತಾಗೋದು ಇವು, ಚುಕ್ಕಿಯಲ್ಲ. ಆದರೆ ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ 1000 ನಿಟ್ಸ್ (ಪರದೆಯ ಬೆಳಕಿನ ಅಳತೆ) ಅಥವಾ ಅದಕ್ಕೂ ಜಾಸ್ತಿ ಬೆಳಕಿಗೆ ತಯಾರು ಮಾಡಿರುತ್ತಾರೆ. ಕಡಿಮೆ ಬೆಲೆಯ ಟಿವಿಗಳು ಅದರ ಮೂರನೇ ಒಂದು ಭಾಗದಷ್ಟು ಬೆಳಗಿದರೆ ಹೆಚ್ಚು. ಡಬ್ಬದ ಮೇಲೆ ಎಚ್‌ಡಿಆರ್ ಅಂತ ಇದ್ದ ಮಾತ್ರಕ್ಕೆ ಅದು ಸಿಗುವುದಿಲ್ಲ. ನಿಜವಾದ ಎಚ್‌ಡಿಆರ್ ಬೇಕಾದರೆ ಇವರ ಬಜೆಟ್ಟಿನ ಎರಡರಷ್ಟು ಕೊಡಬೇಕಿತ್ತು. ಅದನ್ನು ಅಲ್ಲೇ ಕೈಬಿಟ್ಟೆವು.

ಆ ಅಂಗಡಿಯಲ್ಲೇ "4ಕೆ ಟಿವಿಗೆ ಈ ಕೇಬಲ್ ಬೇಕೇ ಬೇಕು" ಅಂತ 2,500 ರೂಪಾಯಿಯ ಎಚ್‌ಡಿಎಂಐ ವೈರ್ ತೋರಿಸಿದರು. ಎಚ್‌ಡಿ ಬಾಕ್ಸಿನ ಜೊತೆ ಬಂದ ವೈರೇ ಸಾಕು. ವಯಸ್ಸಾದವರಿಗೆ ಹೀಗೆ ಮಾರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಎದ್ದು ಬಂದೆವು.

ಎರಡನೇ ಅಂಗಡಿಯಲ್ಲಿ 50 ಇಂಚಿನವು ಮೂರು ಇದ್ದವು. ಫುಲ್ ಎಚ್‌ಡಿ ಇದೆಯಾ ಅಂತ ಕೇಳಿದೆ. ಆ ಅಳತೆಯಲ್ಲಿ ಬರೋದೆಲ್ಲ 4ಕೆಯೇ ಸಾರ್ ಅಂದರು. ಹಾಗಾಗಿ 4ಕೆ ಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಅಲ್ಲಿ ಅರ್ಥವೇ ಉಳಿಯಲಿಲ್ಲ. ದೊಡ್ಡದು ಬೇಕು ಅಂದರೆ 4ಕೆ ಜೊತೆಗೇ ಬರುತ್ತದೆ.

ಆಯ್ಕೆಗೆ ಉಳಿದದ್ದು ಪ್ಯಾನಲ್, ಅಂದರೆ ಚಿತ್ರ ಮೂಡುವ ಪರದೆಯ ಬಗೆ. ಅಜ್ಜಿ ಓರೆಯಾಗಿ ಕೂರುತ್ತಾರೆ ಅಂತ ಮೊದಲೇ ಹೇಳಿದೆನಲ್ಲ. ಕೆಲವು ಪರದೆಗಳಲ್ಲಿ ಕಪ್ಪು ಗಾಢವಾಗಿರುತ್ತದೆ, ಆದರೆ ಪಕ್ಕಕ್ಕೆ ಸರಿದರೆ ಬಣ್ಣ ತೊಳೆದ ಹಾಗೆ ಪೇಲವವಾಗುತ್ತದೆ. ಅದು ವಿಎ ಪ್ಯಾನಲ್. ಐಪಿಎಸ್‌ನಲ್ಲಿ ಕಪ್ಪು ಸ್ವಲ್ಪ ಬೂದು, ಆದರೆ ಪಕ್ಕದಿಂದಲೂ ಬಣ್ಣ ಹೆಚ್ಚು ಕೆಡುವುದಿಲ್ಲ. ಡಬ್ಬದ ಮೇಲೆ ಇದನ್ನು ಬರೆದಿರುವುದು ಅಪರೂಪ. ಒಂದೇ ಮಾಡೆಲ್ಲಿನಲ್ಲೇ ಬೇರೆ ಬೇರೆ ಪ್ಯಾನಲ್ ಬರುವುದೂ ಉಂಟು. ಹುಡುಗನನ್ನು ಮೂರು ಟಿವಿಗಳ ಮುಂದೆಯೂ ಎಡಕ್ಕೆ ಸರಿದು ಮುಖಗಳ ಬಣ್ಣ ನೋಡು ಅಂದೆ. ಎರಡರಲ್ಲಿ ಮುಖ ಬಿಳಿಚಿಕೊಂಡಿತು. ಮೂರನೆಯದರಲ್ಲಿ ಹಾಗೇ ಇತ್ತು. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವಾಗ ಮೂರನೆಯದು ಅಷ್ಟು ಚೆನ್ನಾಗಿರುವುದಿಲ್ಲ ಅಂತ ಅವನಿಗೆ ಮೊದಲೇ ಹೇಳಿದೆ. "ಅಜ್ಜಿ ತಾನೇ ಜಾಸ್ತಿ ನೋಡೋದು, ಇದೇ ಇರ್ಲಿ" ಅಂದ. ಆ ಮಾತು ಅವನಾಗಿ ಅಂದಿದ್ದು. ನನಗೆ ಬಹಳ ಸಂತೋಷವಾಯಿತು.

ದುಡ್ಡಿನ ಮಾತು

ಗಣೇಶ ಹಬ್ಬಕ್ಕೇ ಕೊಂಡಿದ್ದರೆ ಆ ಟಿವಿಗೆ 37,990 ರೂಪಾಯಿ. ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ ಜಿಎಸ್‌ಟಿ ಇಳಿಸುವ ಮಾತಾಡಿದ್ದರು, ಅದಕ್ಕೇ ತಡೆಯಿರಿ ಅಂದಿದ್ದೆ. ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಅಷ್ಟರಿಂದಲೇ ಬೆಲೆ 35,000ದ ಆಸುಪಾಸಿಗೆ ಬಂತು. ಕಾದಿದ್ದಕ್ಕೆ ಸುಮಾರು ಮೂರು ಸಾವಿರ ಉಳಿಯಿತು.

ಅದೇ ದಿನ ನವರಾತ್ರಿ ಶುರು. ಶೋಕೇಸ್ ತುಂಬ ಅಕ್ಕನ ದಸರಾ ಗೊಂಬೆ. ಪಟ್ಟದ ಗೊಂಬೆ ಇದ್ದದ್ದು ಟಿವಿಯ ಪಕ್ಕದ ಖಾನೆಯಲ್ಲೇ. ಹಲಗೆ ತೆಗೆಯುವ ಮಾತೇ ಇರಲಿಲ್ಲ. ವಿಜಯದಶಮಿ ಕಳೆದು ಗೊಂಬೆ ಒಳಗೆ ಹೋದ ಮೇಲೆ ಬಡಗಿ ಬಂದರು. ಎರಡು ಹಲಗೆ ಕಿತ್ತು ಪಾಲಿಶ್ ಮಾಡೋಕೆ 2,500 ರೂಪಾಯಿ.

ಕರೆಂಟ್ ಬಗ್ಗೆ ಭಾವನಿಗೆ ಭಯವಿತ್ತು. ಗೃಹಜ್ಯೋತಿಯಲ್ಲಿ ಅವರ ಬಿಲ್ಲು ಸೊನ್ನೆ ಬರುತ್ತದೆ. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಪ್ಲಗ್ಗಿಗೆ ವಾಟ್ ಮೀಟರ್ ಹಾಕಿ ನೋಡಿದೆ. ಹಳೆಯದು ಸುಮಾರು 50 ವಾಟ್, ಹೊಸದು ಸುಮಾರು 100. ದಿನಕ್ಕೆ ಆರು ಗಂಟೆ ಲೆಕ್ಕದಲ್ಲಿ ತಿಂಗಳಿಗೆ ಒಂಬತ್ತು ಯೂನಿಟ್ ಜಾಸ್ತಿ. ಅವರ ಮನೆ 120ರ ಆಸುಪಾಸಿನಲ್ಲಿದೆ. ಇನ್ನೂರರ ಭಯ ಹೋಯಿತು. ಆದರೆ ಒಂದೊಂದು ಮನೆಗೆ ಹಳೇ ಸರಾಸರಿ ನೋಡಿ ಬೇರೆ ಮಿತಿಯೂ ಇರುತ್ತದೆ. ಅದನ್ನು ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು. ಹಾಗಾಗಿ ಬಿಲ್ಲಿನ ಮೇಲಿರುವ ಸಂಖ್ಯೆ ನೋಡಿಕೊಳ್ಳಿ ಅಂದೆ.

ಇಂಟರ್ನೆಟ್ ಚಿಂತೆ ಇರಲಿಲ್ಲ. 4ಕೆಗೆ ನೆಟ್‌ಫ್ಲಿಕ್ಸ್ ಕೇಳೋದು 15 ಎಂಬಿಪಿಎಸ್, ಇವರದು 100. ಆದರೆ ನೆಟ್‌ಫ್ಲಿಕ್ಸ್‌ನಲ್ಲಿ ಇವರಿಗೆ ಇದ್ದದ್ದು 199ರ ಪ್ಲಾನ್. ಅದರಲ್ಲಿ 4ಕೆ ಬರುವುದಿಲ್ಲ, ಫುಲ್ ಎಚ್‌ಡಿಯೂ ಬರುವುದಿಲ್ಲ. 4ಕೆ ಬೇಕಾದರೆ 649. ವರ್ಷಕ್ಕೆ 5,400 ರೂಪಾಯಿ ಜಾಸ್ತಿ. ವಾರಕ್ಕೆ ಒಂದು ಸಿನಿಮಾ ನೋಡುವ ಮನೆಗೆ ಅದು ಬೇಡ ಅಂತ ಹುಡುಗನೇ ಬಿಟ್ಟ. ಟಿವಿಯ ಬೆಲೆ ಕೇಳುವವರು ಈ ತಿಂಗಳ ಖರ್ಚನ್ನು ಕೇಳುವುದಿಲ್ಲ. ಐದು ವರ್ಷದಲ್ಲಿ ಅದು 27,000 ಆಗುತ್ತದೆ.

ಬಂದ ಮೇಲೆ

ದೀಪಾವಳಿಗೆ ಒಂದು ವಾರ ಮುಂಚೆ ಟಿವಿ ಬಂತು. ಮೊದಲ ಸಲ ಆನ್ ಮಾಡಿದಾಗ ಮನೆಗೋ ಅಂಗಡಿಗೋ ಅಂತ ಕೇಳುತ್ತದೆ, ಮನೆ ಅಂತ ಒತ್ತಬೇಕು. ಚಿತ್ರವನ್ನು ಸಿನಿಮಾ ಮೋಡಿಗೆ ಹಾಕಿದೆ. ಶಾರ್ಪ್‌ನೆಸ್ ಇಳಿಸಿದೆ. ಅದು ಜಾಸ್ತಿ ಇದ್ದರೆ ಎಸ್‌ಡಿ ಚಾನೆಲ್‌ನಲ್ಲಿ ಮುಖಗಳ ಸುತ್ತ ಬಿಳಿ ಗೆರೆ ಬರುತ್ತದೆ. ಚಿತ್ರವನ್ನು ಎಣ್ಣೆ ಸವರಿದ ಹಾಗೆ ಜಾರಿಸುವ ಮೋಷನ್ ಸ್ಮೂದಿಂಗ್ ಆರಿಸಿದೆ. ಇಷ್ಟಕ್ಕೆ ಹತ್ತು ನಿಮಿಷ. ನನ್ನ ಅನುಭವದಲ್ಲಿ ಹೊಸ ಟಿವಿ ಚೆನ್ನಾಗಿಲ್ಲ ಅಂತ ಬರುವ ದೂರುಗಳಲ್ಲಿ ಎಷ್ಟೋ ಈ ಹತ್ತು ನಿಮಿಷದಲ್ಲಿ ಹೋಗುತ್ತವೆ.

ಸುದ್ದಿ ಚಾನೆಲ್ ಮೊದಲಿಗಿಂತ ಸ್ವಲ್ಪ ಕೆಟ್ಟದಾಗಿಯೇ ಕಾಣುತ್ತದೆ. ಭಾವ ಅದನ್ನು ಒಪ್ಪಿಕೊಂಡಿದ್ದಾರೆ. ಕೆಲವು ದಿನ ಅದೇ ಚಾನೆಲ್ಲನ್ನು ಯೂಟ್ಯೂಬಿನಲ್ಲಿ ನೋಡುತ್ತಾರೆ, ಅಲ್ಲಿ ಚಿತ್ರ ಮೇಲು.

ಉಳಿದಿರುವ ತೊಂದರೆ ಧ್ವನಿಯದು. ಹೊಸ ಟಿವಿ ತೆಳ್ಳಗೆ. ಸ್ಪೀಕರ್ ಕೆಳಗೆ ಮುಖ ಮಾಡಿದೆ. ಶಬ್ದ ಶೋಕೇಸಿನ ಹಲಗೆಗೆ ಬಡಿದು ಬರುತ್ತದೆ. ಕುರ್ಚಿ ಹಿಂದೆ ಹೋದ ಮೇಲೆ ಅಜ್ಜಿಗೆ ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಇದನ್ನು ನಾನು ಮೊದಲೇ ಲೆಕ್ಕಕ್ಕೆ ತಗೊಳ್ಳಬೇಕಿತ್ತು. ನನ್ನ ಹತ್ತಿರವಿದ್ದ ಒಂದು ಸಣ್ಣ ಸೌಂಡ್‌ಬಾರ್ ಕೊಟ್ಟು ಬಂದಿದ್ದೇನೆ. ಮಾತು ಎದ್ದು ಕೇಳುವ ಸೆಟ್ಟಿಂಗ್ ಅದರಲ್ಲಿದೆ. ಒಂದು ತಿಂಗಳು ನೋಡಿ, ಸರಿಹೋದರೆ ಅವರದೇ ಒಂದು ತರುತ್ತಾರೆ.

ಮೊನ್ನೆ ಹೋಗಿದ್ದೆ. ಅವರೆಕಾಯಿ ಕಾಲ. ಸೋಫಾದ ಮುಂದೆ ನೆಲದ ಮೇಲೆ ಪೇಪರ್ ಹಾಸಿ ಅವರೆ ರಾಶಿ ಹಾಕಿದ್ದರು. ಅಕ್ಕ, ಭಾವ ಕೆಳಗೆ ಕೂತು ಸುಲಿಯುತ್ತಿದ್ದರು. ಅಜ್ಜಿಯ ಕುರ್ಚಿ ಸೋಫಾದ ಕೈಗೆ ತಾಗಿಕೊಂಡಿತ್ತು. ತೊಡೆಯ ಮೇಲೆ ಮೊರ, ಅದರಲ್ಲಿ ನೆನೆಸಿದ ಕಾಳು, ಹಿತುಕುತ್ತಿದ್ದ ಬೆರಳು. ಕಣ್ಣು ಟಿವಿಯ ಮೇಲೆ. ಜಾಹೀರಾತು ಬಂದಾಗ ಮೊಮ್ಮಗನ ಕಡೆ ತಿರುಗಿ, "ಇವಳು ಆಗಲೇ ಹೇಳಿದ್ಳಲ್ಲ, ಗಂಡಂಗೆ ಯಾಕೋ ಗೊತ್ತೇ ಆಗಿಲ್ಲ" ಅಂತ ಕಥೆ ಹೇಳುತ್ತಿದ್ದರು. ಅವನು ಕೇಳಿಸಿಕೊಳ್ಳುತ್ತಿದ್ದ. ನಾನು ನೆಲದ ಟೈಲ್ಸ್ ಎಣಿಸಿದೆ. ಮೂರು. ಆರಡಿ.